ಆಯಿ ಎತ್ತಿಡುತ್ತಿದ್ದ ಪಾಲು

ಆಯಿ, ಅಂದರೆ ನನ್ನ ಅಪ್ಪನ ಅವ್ವ, ಹೋದದ್ದು ಆಷಾಢದಲ್ಲಿ, ವರ್ಷದ ಮಸಾಲಿ ಖಾರ ಮಾಡಿ ಭರಣಿ ತುಂಬಿಸಿಟ್ಟ ಮೇಲೆ. ಹೀಗಾಗಿ ಆಕೆ ಇಲ್ಲದ ಮನೆಯಲ್ಲೂ ಮುಂದಿನ ಯುಗಾದಿಯವರೆಗೆ ನಾವು ಆಕೆಯ ಕೈರುಚಿಯನ್ನೇ ಉಂಡೆವು. ದಿನಗಳೆಲ್ಲ ಮುಗಿದು ನೆಂಟರು ತಮ್ಮ ತಮ್ಮ ಊರಿನ ಬಸ್ಸು ಹಿಡಿಯುವ ಮುನ್ನ ದೊಡ್ಡವ್ವ ಆ ಭರಣಿಯನ್ನು ನಡುಮನೆಗೆ ತಂದಿಟ್ಟಳು. ನಾಲ್ವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಕ್ಕಡಿಯಲ್ಲಿ ತೂಗಿ ಆರು ಪಾಲು ಮಾಡಿದಳು. ಆಮೇಲೆ ಯಾರೂ ಹೇಳದೆಯೇ ಆರೂ ಪಾಲಿನಿಂದ ಒಂದೊಂದು ಮುಷ್ಟಿ ತೆಗೆದು ಏಳನೆಯದನ್ನು ಕಟ್ಟಿದಳು. ಅದು ಬೂಬೂನದು. ಬೂಬೂ ಯಾರೆಂದು ಮುಂದೆ ಹೇಳುತ್ತೇನೆ.

ಖಾರದ ಕೆಲಸ ನಮ್ಮ ಮನೆಯಲ್ಲಿ ಬೇಸಿಗೆಯ ದೊಡ್ಡ ಕೆಲಸ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಚುರುಕಿಗೆ ಗುಂಟೂರು. ಬ್ಯಾಡಗಿಯದು ಮೈ ಸುಕ್ಕುಸುಕ್ಕಾಗಿರಬೇಕು, ನುಣ್ಣಗಿದ್ದರೆ ಆಯಿ ಕೈಯಿಂದಲೇ ಮುಟ್ಟುತ್ತಿರಲಿಲ್ಲ. ಮಾಳಿಗೆಯ ಮೇಲೆ ಒಣಗಿಸಿ, ತೊಟ್ಟು ಮುರಿದು, ಎಣ್ಣೆ ಸವರಿ ಹುರಿಯುವುದು. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಸಾಸಿವೆ, ಎಳ್ಳು, ಒಣಕೊಬ್ಬರಿ, ಲವಂಗ, ದಾಲ್ಚಿನ್ನಿ, ಕಲ್ಲುಹೂವು ಒಂದೊಂದನ್ನೂ ಬೇರೆ ಬೇರೆಯಾಗಿಯೇ ಹುರಿಯಬೇಕು. ಒಂದರ ಹದ ಇನ್ನೊಂದಕ್ಕೆ ಬರುವುದಿಲ್ಲ. ಉಳ್ಳಾಗಡ್ಡಿಯನ್ನು ಹೆಚ್ಚಿ ಬಿಸಿಲಿಗೆ ಒಣಗಿಸಿ, ಎಣ್ಣೆಯಲ್ಲಿ ಕೆಂಪಗೆ ಕರಿದು, ಬೆಳ್ಳುಳ್ಳಿಯ ಜೊತೆ ಕಡೆಗೆ ಸೇರಿಸುವುದು. ಕುಟ್ಟಿ, ಸಾಣಿಸಿ, ಪಿಂಗಾಣಿ ಭರಣಿಗೆ ಒತ್ತಿ ತುಂಬಿ, ಮೇಲೆ ಇಂಗಿನ ತುಂಡುಗಳನ್ನಿಟ್ಟು ಬಿಳಿ ಅರಿವೆ ಬಿಗಿದರೆ ವರ್ಷವಿಡೀ ಹುಳ ಬೀಳುವುದಿಲ್ಲ. ಎಷ್ಟು ಮೆಣಸಿನಕಾಯಿಗೆ ಎಷ್ಟು ಕೊತ್ತಂಬರಿ ಎಂದು ಆಯಿಯನ್ನು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ. ಯಾರ ಮನೆಗೆ ಎಷ್ಟು ಬೇಕು ಎಂಬ ಲೆಕ್ಕ ಮಾತ್ರ ಬಾಯಿಪಾಠ. ಪುಣೆಯ ಅತ್ತೆಯ ಮನೆಗೆ ಸ್ವಲ್ಪ ಸಪ್ಪೆ, ಅಳಿಯನಿಗೆ ಹೊಟ್ಟೆಯುರಿ. ನಮ್ಮ ಮನೆಗೆ ಒಂದು ಹಿಡಿ ಹೆಚ್ಚು, ಅಪ್ಪನಿಗೆ ಮೊಸರನ್ನಕ್ಕೂ ಖಾರ ಬೇಕು.

ನಮ್ಮದು ಬಾಗಲಕೋಟೆ ಜಿಲ್ಲೆ, ಬೀಳಗಿ ತಾಲೂಕು, ಕೃಷ್ಣಾ ದಂಡೆ. ಆ ಹಳ್ಳಿ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಯಿ ಮದುವೆಯಾಗಿ ಆ ಊರಿಗೆ ಬಂದದ್ದೂ ಅದೇ ಆಸುಪಾಸಿನಲ್ಲಿ. ಅಂದರೆ ಸೊಸೆಯಾಗಿ ಹೊಸ್ತಿಲು ದಾಟಿದಾಗಿನಿಂದ ಆಕೆ ಕೇಳಿದ್ದು ಒಂದೇ ಮಾತು: ನೀರು ಬರ್ತೈತಿ. ಮಕ್ಕಳು ಹುಟ್ಟಿದರು, ಮದುವೆಯಾದರು, ಮೊಮ್ಮಕ್ಕಳು ಶಾಲೆಗೆ ಹೋದರು. ನೀರು ಬರುತ್ತಲೇ ಇತ್ತು. ಬರುವ ನೀರಿಗೆ ಹೆದರಿ ಆಕೆ ಒಂದು ವರ್ಷವೂ ಒಲೆಯನ್ನು ಹೊಸದಾಗಿ ಹಾಕದೆ ಬಿಟ್ಟವಳಲ್ಲ. ಪ್ರತಿ ದೀಪಾವಳಿಗೆ ಕೆಮ್ಮಣ್ಣು ತಂದು ಒಲೆಯ ಮೈ ಸಾರಿಸುತ್ತಿದ್ದಳು.

ಆ ಊರಿನ ಅಡುಗೆಮನೆ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಸಣ್ಣವಳು, ಆದರೆ ರೊಟ್ಟಿಯ ಸದ್ದು ಕೇಳಿಯೇ ಏಳುತ್ತಿದ್ದವಳು. ಇನ್ನೂ ಕತ್ತಲಿರುವಾಗಲೇ ಅಂಗೈ ಪರಾತಕ್ಕೆ ಬಡಿಯುವ ಸದ್ದು ಶುರುವಾಗುತ್ತಿತ್ತು. 18 ಜನರ ಮನೆ, ಹೊಲದ ಆಳುಗಳು ಬೇರೆ. ದಿನದ ರೊಟ್ಟಿ ಬುಟ್ಟಿಯಿಂದ ಮೇಲಕ್ಕೆದ್ದು ನಿಲ್ಲುತ್ತಿತ್ತು.

ಗೋಧಿಯ ಹಾಗೆ ಜೋಳದ ಹಿಟ್ಟಿಗೆ ತಾನಾಗಿ ಎಳೆಯುವ ಗುಣವಿಲ್ಲ. ಕುದಿಯುವ ಎಸರು ಬಿದ್ದು, ಹಿಟ್ಟು ಅಷ್ಟಿಷ್ಟು ಬೆಂದು ಅಂಟಾದರೆ ಮಾತ್ರ ಅದು ಕೈಗೆ ಹತ್ತುತ್ತದೆ. ಆಯಿ ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿದು, ಕಟ್ಟಿಗೆಯ ಸವುಟಿನಿಂದ ಒಮ್ಮೆ ತಿರುವಿ, ಬಿಸಿಯಿರುವಾಗಲೇ ಕೈ ಹಾಕಿಬಿಡುತ್ತಿದ್ದಳು. "ಹಿಟ್ಟಿನ ಬಿಸಿ ಕೈಗೆ ಹತ್ತಬೇಕವ್ವಾ, ಇಲ್ಲಂದ್ರ ಜಿಗಿ ಬರೂದಿಲ್ಲ." ಅಂಗೈಯ ಬುಡದಿಂದ ನಾದುವುದು, ಮುದ್ದೆ ಮಾಡಿ ಒಣಹಿಟ್ಟಿನ ಮೇಲೆ ಇಟ್ಟು ಬಡಿಯುವುದು. ಆಕೆ ಬಡಿಯುವಾಗ ರೊಟ್ಟಿ ತಾನೇ ಸುತ್ತು ತಿರುಗುತ್ತಿತ್ತು. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೈಮೇಲಿನ ಒಣಹಿಟ್ಟು ಸವರಿ ತೆಗೆದು, ತಿರುವಿ, ಕಡೆಗೆ ಕೆಂಡದ ಮುಂದೆ ನಿಲ್ಲಿಸಿದರೆ ಉಬ್ಬಿ ನಿಲ್ಲುತ್ತಿತ್ತು. ಉಬ್ಬಿದ ರೊಟ್ಟಿಯ ತೆಳುಪದರನ್ನು ಬಿಡಿಸಿ ಒಳಗೆ ಬೆಣ್ಣೆ ಸವರಿ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ ಕೈಗೆ ಕೊಡುತ್ತಿದ್ದಳು. ಅದು ಮೊದಲು ಎದ್ದು ಬಂದ ಕೂಸಿನ ಪಾಲು. ಮೊದಲು ಏಳಲು ನಾವು ಮೊಮ್ಮಕ್ಕಳು ಪೈಪೋಟಿ ಮಾಡುತ್ತಿದ್ದೆವು. ಒಬ್ಬರಿಗೇ ದಿನವೂ ಸಿಕ್ಕಿತೆಂದು ಕಂಡರೆ ಮರುದಿನ ಆಯಿಯೇ ಹೋಗಿ ಹಿಂದುಳಿದವರನ್ನು ಎಬ್ಬಿಸುತ್ತಿದ್ದಳು.

ಜೋಳವೆಂದರೆ ಎರೆಹೊಲದ ಹಿಂಗಾರಿ ಬಿಳಿಜೋಳ, ಮಾಲ್ದಂಡಿ. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡ ಕಪ್ಪು ನೆಲದ ಹಸಿಯಲ್ಲೇ ಚಳಿಗಾಲ ಪೂರ್ತಿ ಬೆಳೆಯುವ ಬೆಳೆ. ಸುಗ್ಗಿ ಮುಗಿದ ಮೇಲೆ ಜೋಳ ಹಗೇವಿಗೆ ಇಳಿಯುತ್ತಿತ್ತು. ಹಗೇವು ನೋಡದವರಿಗೆ ಹೇಳುತ್ತೇನೆ: ನೆಲದೊಳಗೆ ತೋಡಿದ ದೊಡ್ಡ ಗುಂಡಿ, ಬಾಯಿ ಕಿರಿದು, ಒಳಗೆ ಅಗಲ. ಸುತ್ತ ಹುಲ್ಲು ಹಾಸಿ ಕಾಳು ತುಂಬಿ ಬಾಯಿ ಮುಚ್ಚಿ ಮೇಲೆ ಮಣ್ಣು ಎಳೆದರೆ ವರ್ಷಗಟ್ಟಲೆ ಹುಳವಿಲ್ಲ. ತೆರೆದ ಕೂಡಲೇ ಒಳಗೆ ಇಳಿಯುವ ಹಾಗಿಲ್ಲ, ಗಾಳಿ ಕೆಟ್ಟಿರುತ್ತದೆ. ಮುತ್ಯಾ, ನಮ್ಮ ಅಜ್ಜ, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಕಾಯಬೇಕು. ಬರಗಾಲದಲ್ಲಿ ಓಣಿಯ ಅರ್ಧ ಮನೆಗಳು ನಮ್ಮ ಹಗೇವಿನ ಜೋಳ ಉಂಡವಂತೆ. ಯಾರಿಗೆ ಎಷ್ಟು ಕೊಟ್ಟೆವೆಂದು ಬರೆದಿಟ್ಟ ಕಾಗದ ಎಲ್ಲಿ ಎಂದು ಒಮ್ಮೆ ನಾನು ಮುತ್ಯಾನನ್ನು ಕೇಳಿದ್ದೆ. ನಕ್ಕು, ಆಯಿಯ ಕಡೆ ಕೈ ತೋರಿಸಿದರು. ಆಯಿಗೆ ಓದು ಬರಹ ಬರುತ್ತಿರಲಿಲ್ಲ.

ಊರು ಬಿಡುವ ವರ್ಷ ಕಡೆಯ ಸಲ ಹಗೇವು ತೆಗೆದರು. ಆ ಜೋಳಕ್ಕೊಂದು ಮುಗ್ಗಲು ವಾಸನೆ ಇರುತ್ತದೆ. ಆಯಿ ನಾಲ್ಕು ಸಲ ತೊಳೆದು ಒಣಗಿಸಿ ಹಿಟ್ಟು ಮಾಡಿಸಿದಳು. ಗಂಡಸರೆಲ್ಲ ಪರಿಹಾರದ ಚೆಕ್ಕು, ಪ್ಲಾಟಿನ ನಂಬರು ಎಂದು ಓಡಾಡುತ್ತಿದ್ದರು. ಆಯಿ ಮಾತ್ರ ಬೀಸುಕಲ್ಲು, ಒರಳು, ಎರಡು ಹಂಚು, ಬಾಗಿಲ ಪಕ್ಕದ ಕರಿಬೇವಿನ ಗಿಡದ ಬುಡದಲ್ಲೆದ್ದ ಮರಿಗಿಡಗಳನ್ನು ಟ್ರ್ಯಾಕ್ಟರಿಗೆ ಏರಿಸಿದಳು. ಬೀಸುಕಲ್ಲು ಯಾಕೆ, ಆರ್‌ಸಿಯಲ್ಲಿ (ಪುನರ್ವಸತಿ ಕೇಂದ್ರದಲ್ಲಿ) ಗಿರಣಿ ಇದೆಯಲ್ಲ ಎಂದು ಕಾಕಾ ಅಂದ. "ಗಿರಣಿಯಾವ ರಾತ್ರಿ ಬಂದ ನೆಂಟರಿಗೆ ಬೀಸಿ ಕೊಡ್ತಾನೇನು?" ಎಂದು ಕೇಳಿದಳು. ಕಲ್ಲು ಟ್ರ್ಯಾಕ್ಟರ್ ಏರಿತು.

ಪುನರ್ವಸತಿ ಕೇಂದ್ರದಲ್ಲಿ ಬೀದಿಗಳು ನೇರ, ಪ್ಲಾಟುಗಳು ಒಂದೇ ಅಳತೆ, ಬೇವಿನ ನೆರಳು ಎಲ್ಲೂ ಇಲ್ಲ. ಓಣಿಯ ಜನ ಒಂದೊಂದು ಕಡೆ ಚದುರಿದರು. ಹಳೆಯ ಊರಲ್ಲಿ ನಮ್ಮ ಅಡುಗೆಮನೆಗೂ ಬೂಬೂನ ಅಡುಗೆಮನೆಗೂ ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಗೂಡು, ಎರಡೂ ಕಡೆ ತೆರೆದದ್ದು. ಅದರಲ್ಲಿ ಕೆಂಡ ಹೋಗುತ್ತಿತ್ತು, ಉಪ್ಪು ಬರುತ್ತಿತ್ತು, ಪಂಚಮಿಗೆ ಉಂಡಿ ಹೋಗುತ್ತಿತ್ತು, ರಂಜಾನ್ ಹಬ್ಬಕ್ಕೆ ಹಾಲು ಶಾವಿಗೆಯ ಸುರಕುಂಬಾ ಬರುತ್ತಿತ್ತು. ಹೊಸ ಜಾಗದಲ್ಲಿ ಬೂಬೂನ ಪ್ಲಾಟು ಕೇಂದ್ರದ ಇನ್ನೊಂದು ತುದಿಗೆ ಬಿತ್ತು. ಆಯಿಗೆ ಮನೆ ಮುಳುಗಿದ ದುಃಖಕ್ಕಿಂತ ಆ ಗೂಡು ಹೋದ ದುಃಖ ಹೆಚ್ಚಿತ್ತೆಂದು ನನಗೆ ಈಗಲೂ ಅನಿಸುತ್ತದೆ. ಮನೆಯ ಬಗ್ಗೆ ಆಕೆ ಎಂದೂ ಮಾತಾಡಲಿಲ್ಲ.

ನಮ್ಮ ಕಡೆ ನಾಗರಪಂಚಮಿಯ ಆರಂಭವೇ ರೊಟ್ಟಿ ಹಬ್ಬದಿಂದ. ಪಂಚಮಿಯ ದಿನಗಳಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಅದಕ್ಕೇ ಮೊದಲೇ ಜೋಳದ ರೊಟ್ಟಿ, ಸಜ್ಜೆ ರೊಟ್ಟಿಗಳನ್ನು ಎಳ್ಳು ಹಚ್ಚಿ ತೆಳ್ಳಗೆ ಬಡಿದು ಖಡಕ್ ಮಾಡಿ ಇಡುತ್ತಾರೆ. ಎಣ್ಣಿ ಮುಳಗಾಯಿ, ಮಡಿಕೆಕಾಳು, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಲ್ಲ ಮಾಡಿ ರೊಟ್ಟಿಯ ಮೇಲೆ ಇಟ್ಟು ಮನೆಮನೆಗೆ ಬೀರುತ್ತಾರೆ. ಒಬ್ಬರ ರೊಟ್ಟಿ ಇನ್ನೊಬ್ಬರ ಮನೆಗೆ ಹೋಗಲೇಬೇಕು. ಹೊಸ ಜಾಗದ ಮೊದಲ ರೊಟ್ಟಿ ಹಬ್ಬಕ್ಕೆ ಆಯಿ ಪಕ್ಕದ ಹೊಸ ಮನೆಗಳಿಗೆಲ್ಲ ಬೀರಿ, ಆಮೇಲೆ ಸೆರಗು ಬಿಗಿದು, ನನ್ನ ತಲೆಯ ಮೇಲೆ ಬುಟ್ಟಿ ಹೊರಿಸಿ, ಕೇಂದ್ರದ ಆ ತುದಿಗೆ ನಡೆದಳು. ಕೆಲವರು ಬೇರೆಯದೇ ಕೇಂದ್ರಕ್ಕೆ ಹೋಗಿದ್ದರು. ಅವರ ಮನೆಗಳಿಗೆ ಹೋಗಲು ಟಂಟಂ ಆಟೋ ಹಿಡಿದಳು. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಹಣೆ ತುಂಬ ವಿಭೂತಿ, ತೊಡೆಯ ಮೇಲೆ ರೊಟ್ಟಿಯ ಗಂಟು. ಸಂಜೆಯ ಹೊತ್ತಿಗೆ ಹಳೆಯ ಓಣಿಯ ಒಂದು ಮನೆಯೂ ಬಿಟ್ಟುಹೋಗಿರಲಿಲ್ಲ. ಬೂಬೂ ಬಾಗಿಲಲ್ಲೇ ಆಯಿಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಇಬ್ಬರೂ ಕೂತು ಮಾತಾಡಿದ್ದೆಲ್ಲ ಹೊಸ ಜಾಗದ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬ ವಿಚಾರ.

ಉಂಡಿಯ ವಿಷಯಕ್ಕೆ ಬರದಿದ್ದರೆ ನನ್ನ ಅಕ್ಕತಂಗಿಯರು ಜಗಳಕ್ಕೆ ಬರುತ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಹೆಸರುಂಡಿ, ತಂಬಿಟ್ಟು, ಲಡಕಿ ಉಂಡಿ. ಬೆಲ್ಲ ಮಹಾಲಿಂಗಪುರದ್ದು. ಆಣದ, ಅಂದರೆ ಬೆಲ್ಲದ ಪಾಕದ, ಹದ ನೋಡಲು ಬಟ್ಟಲ ನೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಒತ್ತುತ್ತಿದ್ದಳು. ಕರಗಿದರೆ ಇನ್ನೂ ಇಲ್ಲ, ಟಣ್ ಅಂದರೆ ಮೀರಿತು. ಮೆತ್ತಗೆ ಗುಂಡಗಾದ ಗಳಿಗೆಯಲ್ಲೇ ಇಳಿಸಬೇಕು. ಆಗ ಇಡೀ ಮನೆ ಕೈಗೆ ತುಪ್ಪ ಸವರಿಕೊಂಡು ಸಿದ್ಧವಿರಬೇಕು. ಗಂಡುಹುಡುಗರನ್ನೂ ಆಯಿ ಎಳೆದು ಕೂರಿಸುತ್ತಿದ್ದಳು. ಕಟ್ಟಿದ ಉಂಡಿಗಳನ್ನು ಮನೆಮನೆಯ ಡಬ್ಬಿಗಳಿಗೆ ತುಂಬುವಾಗ ಮಾತ್ರ ಯಾರೂ ಕೈ ಹಾಕುವ ಹಾಗಿರಲಿಲ್ಲ. ಹೆಸರು ಬರೆಯಲು ಬಾರದ ಆಕೆ ಹಳೆಯ ಇಳಕಲ್ ಸೀರೆಗಳ ತುಂಡುಗಳಲ್ಲಿ ಡಬ್ಬಿ ಕಟ್ಟುತ್ತಿದ್ದಳು. ದೊಡ್ಡಪ್ಪನ ಮನೆಗೆ ನವಿಲುಹಸಿರು, ಪುಣೆಯ ಅತ್ತೆಗೆ ಗಿಳಿಹಸಿರು, ನಮ್ಮ ಮನೆಗೆ ದಾಳಿಂಬೆ ಕೆಂಪು. ಧಾರವಾಡದಲ್ಲಿ ಓದುತ್ತಿದ್ದ ಸಣ್ಣ ಕಾಕಾನ ವಾರದ ಬುತ್ತಿಯೂ ಅದೇ ರೀತಿ ನೀಲಿ ತುಂಡಿನಲ್ಲಿ ಬಸ್ಸಿಗೆ ಹೋಗುತ್ತಿತ್ತು. ಖಡಕ್ ರೊಟ್ಟಿ, ಹಿಂಡಿ, ಒಂದು ಸೀಸೆ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ). ಹಾಸ್ಟೆಲಿನ ರೂಮಿನಲ್ಲಿ ಆ ಗಂಟು ಬಿಚ್ಚಿದ ದಿನ ಗೆಳೆಯರೆಲ್ಲ ಅಲ್ಲೇ ಇರುತ್ತಿದ್ದರೆಂದು ಕಾಕಾ ಹೇಳುತ್ತಾನೆ. ಆಯಿಗೆ ಅದು ತಿಳಿದು ಗಂಟು ದೊಡ್ಡದಾಯಿತು.

ಪಂಚಮಿಯ ದಿನ ನಾಗಪ್ಪನಿಗೆ ಹಾಲು ಎರೆಯುವಾಗ ನಮ್ಮಲ್ಲಿ ಪಾಲು ಹೇಳುತ್ತಾರೆ. ಕೊಬ್ಬರಿ ಬಟ್ಟಲಲ್ಲಿ ಬೆಲ್ಲದ ಹಾಲು ಹಿಡಿದು, "ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು" ಎಂದು ಶುರುಮಾಡಿ, ಮನೆಯ ಒಬ್ಬೊಬ್ಬರ ಹೆಸರು ಹೇಳುತ್ತ ಒಂದೊಂದು ಹನಿ ಎರೆಯುವುದು. ಬೇರೆ ಮನೆಗಳಲ್ಲಿ ಇದು ಬೇಗ ಮುಗಿಯುತ್ತದೆ. ನಮ್ಮ ಆಯಿಯ ಪಾಲು ಮುಗಿಯುತ್ತಲೇ ಇರಲಿಲ್ಲ. ಮಕ್ಕಳು, ಸೊಸೆಯರು, ಅಳಿಯಂದಿರು, ಸೊಸೆಯರ ತವರಿನವರು, ಮೊಮ್ಮಕ್ಕಳು ವಯಸ್ಸಿನ ಪ್ರಕಾರ, ಎತ್ತುಗಳು ಹೆಸರು ಹಿಡಿದು, ಎಮ್ಮೆ, ಬೂಬೂ, ಬೂಬೂನ ಮಕ್ಕಳು. ಮೂರು ವರ್ಷಕ್ಕೇ ತೀರಿಹೋದ ತನ್ನ ಎರಡನೆಯ ಮಗಳ ಹೆಸರನ್ನೂ ಆಕೆ ಹಿರಿಯರ ಸಾಲಿಗೆ ಸೇರಿಸದೆ, ಮಕ್ಕಳ ಸಾಲಿನಲ್ಲೇ, ಅದರ ಜಾಗದಲ್ಲೇ ಹೇಳುತ್ತಿದ್ದಳು.

ದೊಡ್ಡಪ್ಪನ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾಗ ಬೇರೆ ಜಾತಿಯ ಹುಡುಗಿಯನ್ನು ರಜಿಸ್ಟರ್ ಮದುವೆಯಾದ. ದೊಡ್ಡಪ್ಪ ಅವನ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ಆಣೆ ಹಾಕಿಸಿದರು. ಯಾರೂ ಎತ್ತಲಿಲ್ಲ, ಆಯಿಯೂ ವಾದ ಮಾಡಲಿಲ್ಲ. ಶ್ರಾವಣ ಬಂತು. ಎಲ್ಲರೂ ಹುತ್ತದ ಮುಂದೆ ನಿಂತಿದ್ದೇವೆ, ದೊಡ್ಡಪ್ಪನೂ ಇದ್ದಾರೆ. ಆಯಿ ಮೊಮ್ಮಕ್ಕಳ ಸಾಲಿಗೆ ಬಂದಳು. ಮೊದಲನೆಯ ಹೆಸರು ಅವನದೇ, ಅವನೇ ಹಿರಿಯ. ಎಂದಿನ ದನಿಯಲ್ಲೇ ಅವನ ಹೆಸರು ಹೇಳಿ ಹಾಲೆರೆದಳು. ಮುಂದಿನ ಹನಿಗೆ ಅವನ ಹೆಂಡತಿಯ ಹೆಸರು ಹೇಳಿದಳು. ಆ ಹೆಸರು ಆಯಿಗೆ ಗೊತ್ತಿದೆಯೆಂದೇ ನಮಗ್ಯಾರಿಗೂ ಗೊತ್ತಿರಲಿಲ್ಲ. ನಾಗಪ್ಪನ ಮುಂದೆ ಯಾರೂ ಎದುರಾಡುವ ಹಾಗಿಲ್ಲ. ಮನೆಗೆ ಬಂದು ಹೊಸದೊಂದು ಸೀರೆಯ ಸೆರಗು ಹರಿದು ಇಬ್ಬರ ಲೆಕ್ಕದ ಉಂಡಿ ಕಟ್ಟಿ, ಪುಣೆಯ ಬಸ್ಸಿಗೆ ಹಾಕಲು ನನ್ನ ಅಪ್ಪನ ಕೈಗೆ ಕೊಟ್ಟಳು. ದೀಪಾವಳಿಗೆ ಅವರಿಬ್ಬರೂ ಬಂದರು. ದೊಡ್ಡಪ್ಪ ಮುಂಜಾನೆಯೇ ಎದ್ದು ಹೊಲಕ್ಕೆ ಹೋಗಿ, ಕತ್ತಲಾದ ಮೇಲೆ ಬಂದರು. ಆಯಿ ಎರಡು ತಾಟುಗಳನ್ನು ಪಕ್ಕಪಕ್ಕದಲ್ಲೇ ಹಾಕಿದ್ದಳು, ಬೇರೆ ಜಾಗ ಬಿಟ್ಟಿರಲಿಲ್ಲ. ತಂದೆ ಮಗ ಕೂತು ಹೋಳಿಗೆ, ಕಟ್ಟಿನ ಸಾರು ಉಂಡರು. ಇವತ್ತಿಗೂ ಅವರ ನಡುವೆ ಮಾತು ಕಡಿಮೆ. ಆದರೆ ಆ ಮನೆಯ ಇಬ್ಬರು ಮಕ್ಕಳು ರಜೆಗೆ ಬಂದಾಗ ದೊಡ್ಡಪ್ಪನ ಮೈಮೇಲೇ ಇರುತ್ತಾರೆ.

ಇಷ್ಟೆಲ್ಲ ಬರೆಯುವಾಗ ಒಂದು ವಿಷಯ ಬಿಡಬಾರದು. ಆಯಿ ಎಂದೂ ಬಿಸಿ ರೊಟ್ಟಿ ಉಂಡದ್ದನ್ನು ನಾನು ಸಣ್ಣವಳಿದ್ದಾಗ ನೋಡಿಲ್ಲ. ಗಂಡಸರು, ಮಕ್ಕಳು, ಆಳುಗಳು, ಸೊಸೆಯರು ಎಲ್ಲರದೂ ಆದ ಮೇಲೆ ಒಲೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನಿನ್ನೆಯ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ಉಣ್ಣುತ್ತಿದ್ದಳು. ಹೊಗೆಯಿಂದ ಕಣ್ಣು ಕೆಟ್ಟವು, ಬಿಸಿ ಹಿಟ್ಟಿನಿಂದ ಬೆರಳ ತುದಿಗಳ ಗೆರೆ ಅಳಿಸಿದ್ದವು. ಪಿಂಚಣಿಗೆ ಹೆಬ್ಬೆರಳು ಒತ್ತಿಸುವ ಯಂತ್ರ ಆಕೆಯ ಬೆರಳನ್ನು ಓದುತ್ತಲೇ ಇರಲಿಲ್ಲ. ಇದನ್ನು ತ್ಯಾಗವೆಂದು ಹೊಗಳಲು ನನಗೆ ಮನಸ್ಸಿಲ್ಲ. ಎಲ್ಲರ ಪಾಲು ನೋಡಿದವಳ ಪಾಲನ್ನು ಮನೆ ನೋಡಬೇಕಿತ್ತು. ಅದನ್ನು ಮೊದಲು ನೋಡಿದವಳು ನನ್ನ ಅವ್ವ. ಮುತ್ಯಾ ತೀರಿಕೊಂಡ ಮೇಲೆ ಒಂದು ದಿನ ಅವ್ವ ಆಯಿಯ ಕೈಯಿಂದ ಹಿಟ್ಟು ಕಸಿದು, ಮಣೆ ಹಾಕಿ ಕೂರಿಸಿ, ಹಂಚಿನಿಂದ ನೇರ ತಾಟಿಗೆ ರೊಟ್ಟಿ ಹಾಕಿದಳು. ಆಯಿ ಒಂದು ತುತ್ತು ಮುರಿದು, "ಉಪ್ಪು ಕಡಿಮಿ ಆಗೇತಿ ಪಲ್ಯಾಕ" ಎಂದಳು. ಆದರೂ ಮೂರು ರೊಟ್ಟಿ ಉಂಡಳು. ಅಂದಿನಿಂದ ಕಡೆಯವರೆಗೆ ಮೊದಲ ರೊಟ್ಟಿ ಆಯಿಗೇ ಎಂದು ಅವ್ವ ಹಟ ಹಿಡಿದಳು.

ಅಣೆಕಟ್ಟಿನ ನೀರು ಈಗ ನಿಲ್ಲುವುದು 519.6 ಮೀಟರಿಗೆ. ಅದನ್ನು 524.256ಕ್ಕೆ ಏರಿಸುವ ಮಾತು ಬಹಳ ವರ್ಷಗಳಿಂದ ನಡೆದಿದೆ. ಏರಿದರೆ ನಮಗೆ ಉಳಿದ ತುಂಡು ಹೊಲವೂ ಹೋಗುತ್ತದೆ. ಎಳ್ಳಮಾಸೆಗೆ ನಾವು ಚರಗ ಚೆಲ್ಲುವುದು ಅದೇ ಹೊಲದಲ್ಲಿ. ಬನ್ನಿಗಿಡದ ಬುಡದಲ್ಲಿ ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಹೊಲದ ಸುತ್ತ ಕಡಬು, ಅನ್ನ ಚೆಲ್ಲಿ ಬಂದು ಉಣ್ಣುವುದು. ಕಾಲು ನೋವಾದ ಮೇಲೂ ಆಯಿ ಬಂಡಿಯಲ್ಲಿ ಕೂತು ಬರುತ್ತಿದ್ದಳು. ದಾರಿಯಲ್ಲಿ ಹೋಗುವವರನ್ನು, ಗುರುತಿಲ್ಲದ ಬೈಕಿನವರನ್ನು ಸಹ ಕೈಮಾಡಿ ನಿಲ್ಲಿಸಿ ಉಣ್ಣಲು ಕರೆಯುವುದು ಆಕೆಯ ಕೆಲಸವಾಗಿತ್ತು. ಈಗ ಆ ಕೆಲಸ ಸಣ್ಣ ಕಾಕಾನದು.

ಆಯಿ ಹೋದ ವರ್ಷ ಹಬ್ಬ ಹಿಡಿಯಲಿಲ್ಲ. ಮರುವರ್ಷದ ಪಂಚಮಿಗೆ ಕೊಬ್ಬರಿ ಬಟ್ಟಲು ದೊಡ್ಡವ್ವನ ಕೈಗೆ ಬಂತು. ಆಕೆ ಹಿಂದಿನ ರಾತ್ರಿಯೇ ಕೂತು ನಮಗೆಲ್ಲ ಫೋನು ಹಚ್ಚಿದಳು. ಯಾರ ಮನೆಯಲ್ಲಿ ಹೊಸ ಕೂಸು, ಕೂಸಿಗೆ ಏನು ಹೆಸರಿಟ್ಟಿರಿ, ಪುಣೆಯವರ ಸಣ್ಣ ಹುಡುಗಿಯ ಶಾಲೆಯ ಹೆಸರೇನು ಮನೆಯ ಹೆಸರೇನು, ಬೂಬೂನ ಮೊಮ್ಮಗನ ಲಗ್ನವಾಯಿತಲ್ಲ, ಆ ಹುಡುಗಿಯ ಹೆಸರೇನು. ನನ್ನ ತಂಗಿ ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡಳು. ಪಾಲು ಹೇಳುವಾಗ ಪಕ್ಕದಲ್ಲಿ ನಿಂತು ಓದುತ್ತ ಹೋದಳು, ದೊಡ್ಡವ್ವ ಹಾಲೆರೆಯುತ್ತ ಹೋದಳು. ತೀರಿಹೋದ ಸಣ್ಣತ್ತೆಯ ಹೆಸರು ಮಕ್ಕಳ ಸಾಲಿನಲ್ಲೇ ಬಂತು.

ಉಂಡಿಯಲ್ಲಿ ಲಡಕಿ ಉಂಡಿಯೊಂದು ಇನ್ನೂ ನಮ್ಮ ಕೈಗೆ ಹತ್ತಿಲ್ಲ. ಕಡಲೆಹಿಟ್ಟಿನ ಸೇವು ಕರಿದು ಮುರಿದು ಆಣಕ್ಕೆ ಹಾಕಿದ ಮೇಲೆ ಒಂದೋ ಪುಡಿಯಾಗುತ್ತದೆ, ಇಲ್ಲವೇ ಕಲ್ಲಾಗುತ್ತದೆ. ಸೇವಿನ ಹಿಟ್ಟಿಗೆ ಕಾದ ಎಣ್ಣೆ ಹಾಕುವುದರಲ್ಲಿ ಎಲ್ಲೋ ತಪ್ಪುತ್ತಿದೆಯೆಂದು ಪುಣೆಯ ಅತ್ತೆ ಹೇಳುತ್ತಾಳೆ, ಬೆಲ್ಲ ಹಳೆಯದಾಗಿತ್ತೆಂದು ಅವ್ವ ಹೇಳುತ್ತಾಳೆ. ಈ ಶ್ರಾವಣಕ್ಕೆ ಕಾಕಾ ಮಹಾಲಿಂಗಪುರದಿಂದ ಹೊಸ ಬೆಲ್ಲ ತರುತ್ತಾನೆ. ಅತ್ತೆ ನಾಲ್ಕು ದಿನ ಮೊದಲೇ ಬರುತ್ತಾಳೆ. ನನಗೆ ರಜೆ ಮಂಜೂರಾಗಿದೆ. ಡಬ್ಬಿ ಕಟ್ಟಲು ಅವ್ವ ತನ್ನ ಎರಡು ಹಳೆಯ ಸೀರೆ ತೆಗೆದಿಟ್ಟಿದ್ದಾಳೆ, ಬಣ್ಣ ಯಾರಿಗೆ ಯಾವುದೆಂದು ಇನ್ನು ಗೊತ್ತುಮಾಡಬೇಕು.